ಕಾಗೆ ಕದ್ದರೆ ದಂಡವಿಲ್ಲ

ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ.
ಮೇಲಿನ ಸಾಲಿಗೆ ಎಡಗಾಲು, ಕೆಳಗಿನದಕ್ಕೆ ಬಲಗಾಲು.
ಚಾಳಿನ ಗ್ಯಾಲರಿಯಲ್ಲಿ ಕೊಡ ಹಿಡಿದು ನಿಂತವರಿಗೆ ಇದು ಹೊಸತಲ್ಲ.
"ಏನು ಸಾಲ್ಯಾನರೇ, ವರ ಸಿಕ್ಕಿತೇ?"
ಸಿಕ್ಕಿದೆ ಅನ್ನುತ್ತೇನೆ. ನಾಳೆ ಸೋಮವಾರ.

ಎಪ್ಪತ್ತೆರಡು ತುಂಬಿತು. ಗಾಲ್ಫಿನಲ್ಲಿ ಅದೇ ಸರಿಯಾದ ಲೆಕ್ಕ:
ಹದಿನೆಂಟು ಕುಳಿಗೆ ಎಪ್ಪತ್ತೆರಡು ಹೊಡೆತ.
ಇನ್ನು ಮೇಲಿನದೆಲ್ಲ ಹೆಚ್ಚುವರಿ.
ಆದರೂ ಆಟ ಮುಗಿಸದೆ ಯಾರು ಮನೆಗೆ ಹೋಗುತ್ತಾರೆ?

ಹದಿಮೂರಕ್ಕೆ ಬಂದವನು ನಾನು, ಚೆಂಬೂರಿನ ಹೋಟೆಲಿಗೆ, ಲೋಟ ತೊಳೆಯಲು.
ಹಿಂಬಾಗಿಲಿನ ಆಚೆ ಬೇಲಿ, ಬೇಲಿಯ ಆಚೆ ಹುಲ್ಲು,
ಹುಲ್ಲಿನ ಮೇಲೆ ಬಿಳಿ ಟೊಪ್ಪಿಯವನೊಬ್ಬ
ಯಾರನ್ನೂ ಬೆನ್ನಟ್ಟದೆ, ಯಾರಿಂದಲೂ ಓಡದೆ
ಸುಮ್ಮನೆ ನಿಂತು ಒಂದು ಚೆಂಡನ್ನು ಆಕಾಶಕ್ಕೆ ಕೊಟ್ಟ.
ಅದು ಇಳಿದದ್ದನ್ನು ನಾನು ನೋಡಲಿಲ್ಲ.
ಲೋಟ ಒಡೆದಿತ್ತು. ಸಂಬಳದಲ್ಲಿ ಎಂಟಾಣೆ ಕಡಿತ.

ಆಮೇಲೆ ನಲವತ್ತನಾಲ್ಕು ವರ್ಷ ಬೇರೆಯವರ ಚೀಲ ಹೊತ್ತೆ.
ಹುಲ್ಲು ಯಾವ ಕಡೆ ಮಲಗಿದೆ,
ರಿಫೈನರಿಯ ಹೊಗೆ ನಮ್ಮತ್ತ ಬಾಗಿದ್ದರೆ ಎಷ್ಟು ಜೋರು,
ಹೇಳಿದ್ದು ನಾನು, ಹೊಡೆದದ್ದು ಅವರು.
ಚೆನ್ನಾಗಿ ಹೋದರೆ ಅವರ ಕೈ,
ನೀರಿಗೆ ಬಿದ್ದರೆ ನನ್ನ ಬಾಯಿ.

ಸೋಮವಾರ ಸಾಹೇಬರಿಲ್ಲ. ಹುಲ್ಲು ನಮ್ಮದು.
ಶೀನ ಕರ್ಕೇರನಿಗೂ ನನಗೂ ಸೇರಿ ಒಂದೇ ಕೋಲು, ಏಳನೆಯ ನಂಬರಿನದು,
ಯಾರೋ ಸಿಟ್ಟಿಗೆ ಮರಕ್ಕೆ ಬಡಿದು ಬಿಸಾಡಿದ್ದು.
ಕುರ್ಲಾದ ಗ್ಯಾರೇಜಿನಲ್ಲಿ ಬಡಿಸಿ ತಂದೆವು.
ಪೂರ್ತಿ ನೆಟ್ಟಗಾಗಲಿಲ್ಲ,
ಅದರ ಡೊಂಕಿಗೆ ನಮ್ಮ ಸೊಂಟವೇ ಹೊಂದಿಕೊಂಡಿತು.
ಈಗ ನೆಟ್ಟಗಿನ ಕೋಲು ಕೊಟ್ಟರೆ ನನ್ನ ಚೆಂಡು ಎಡಕ್ಕೆ ಓಡುತ್ತದೆ.

ಸಾಯನ್ ಆಸ್ಪತ್ರೆಯ ಎಳೆಯ ಡಾಕ್ಟರಮ್ಮ
ಎಕ್ಸ್‌ರೇ ಕಿಟಕಿಗೆ ಹಿಡಿದು ಮೊಣಕಾಲು ತೋರಿಸಿದಳು.
"ಇಲ್ಲಿ ಸಂದು ಇರಬೇಕಿತ್ತು, ಅಜ್ಜಾ. ಇಲ್ಲ.
ಏನಾದರೂ ಕೂತು ಆಡುವಂಥದ್ದು ಆಡಿ. ಕೇರಂ?"
ಕೇರಂ!

ಅವತ್ತಿನಿಂದ ಅರವತ್ತಾರು ಮೆಟ್ಟಿಲು, ದಿನಕ್ಕೆ ನಾಲ್ಕು ಸಲ,
ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ, ಏಡಿಯ ಹಾಗೆ.
ಒದ್ದೆ ಬೆಡ್‌ಶೀಟು ಹಿಂಡುವುದು ನನ್ನ ಪಾಲು,
ಹಿಟ್ಟು ನಾದುವುದೂ ನನ್ನ ಪಾಲು, ಮಣಿಕಟ್ಟಿಗೆ ಒಳ್ಳೆಯದು.
"ಬಾಬಾ, ಹಿಟ್ಟು ಅಳುತ್ತಿದೆ, ಬಿಡಿ" ಅನ್ನುತ್ತಾಳೆ ಸೊಸೆ ಪ್ರಾಜಕ್ತ.
ಈ ಚಾಳಿನಲ್ಲೇ ಮೆತ್ತಗಿನ ಚಪಾತಿ ಅವಳದು,
ಗುಟ್ಟು ಕೇಳಿದವರಿಗೆ ಎಣ್ಣೆ ಅನ್ನುತ್ತಾಳೆ.

ಶೀನ ಇದಕ್ಕೆಲ್ಲ ನಗುತ್ತಿದ್ದ.
ಬೀಡಿ ಕಚ್ಚಿಕೊಂಡೇ ಹೊಡೆಯುತ್ತಿದ್ದ, ನನಗಿಂತ ಇಪ್ಪತ್ತು ಗಜ ದೂರ.
ಇದನ್ನು ನಾನು ಒಪ್ಪಿಕೊಳ್ಳಲು ಅವನು ಸಾಯಬೇಕಾಯಿತು.

ಬೊಜ್ಜದ ದಿನ ಎಲೆ ಇಟ್ಟು ಕಾದೆವು.
ಮಗ ಕೂಗಿದ, ತಂಗಿ ಕೂಗಿದಳು.
ಮೀನು ಇಟ್ಟರೂ ಇಲ್ಲ, ಬೀಡಿ ಇಟ್ಟರೂ ಇಲ್ಲ,
ತಂತಿಯ ತುಂಬ ಕಾಗೆ, ಒಂದೂ ಇಳಿಯಲಿಲ್ಲ.
ಬಿಸಿಲಿಗೆ ಅನ್ನ ಒಣಗಿತು.

ನಮ್ಮಲ್ಲಿ ಹಳೆಯದೊಂದು ನಿಯಮ:
ಕಾಗೆಯೋ ಹದ್ದೋ ಚೆಂಡು ಕದ್ದರೆ ದಂಡವಿಲ್ಲ,
ಇದ್ದ ಜಾಗದಲ್ಲೇ ಇನ್ನೊಂದನ್ನು ಇಟ್ಟು ಆಡಬಹುದು.

ಅದರ ಮುಂದಿನ ಸೋಮವಾರ, ಹನ್ನೆರಡನೆಯ ಕುಳಿ. ಒಬ್ಬನೇ.
ಹೇಳಿಕೊಳ್ಳುವಂಥ ಹೊಡೆತ, ಕುಳಿಗೆ ಎರಡೇ ಮಾರು.
ಕಾಗೆಯೊಂದು ಇಳಿಯಿತು.
ಅಳತೆಗೆ ಬಂದವರ ಹಾಗೆ ಚೆಂಡಿನ ಸುತ್ತ ಒಮ್ಮೆ ನಡೆಯಿತು,
ಕಚ್ಚಿಕೊಂಡು ಮೋನೊರೈಲಿನ ಕಂಬದತ್ತ ಹಾರಿತು.
ನಾನೇನೂ ಹೇಳುತ್ತಿಲ್ಲ. ಕದಿಯುವುದು ಅವುಗಳ ಕಸುಬು.
ಆದರೆ ಅವನೂ ಅಷ್ಟೇ,
ನನ್ನ ಒಳ್ಳೆಯ ಹೊಡೆತ ಒಂದನ್ನೂ ಒಪ್ಪಿದವನಲ್ಲ.

ಜೇಬಿನಿಂದ ಇನ್ನೊಂದು ಚೆಂಡು ತೆಗೆದೆ. ಬಗ್ಗಿದೆ.
ಮೊಣಕಾಲು ಲಟಕ್ ಅಂದಿತು, ಆದರೆ ಬಗ್ಗಿತು.
ಇಟ್ಟೆ. ಉಸಿರು ಬಿಟ್ಟೆ. ಅದೇ ಡೊಂಕು ಕೋಲಿನಿಂದ ಮೆಲ್ಲಗೆ ತಳ್ಳಿದೆ.

ತಪ್ಪಿತು.

ಗಾಳಿ ಇರಲಿಲ್ಲ. ಹುಲ್ಲು ಚೆನ್ನಾಗಿತ್ತು.
ಕೆಳಗಿನ ಸಾಲಿನ ಹಲ್ಲಿಗೆ, ಬಲಗಾಲಿನ ಮೇಲೆ,
ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು.