ಒಂದು ಗಂಟೆಯಾದರೂ

ಮಾಪುಟ್ಸ್ವೆಯ ನದಿಯಾಚೆ ಬೇರೆ ದೇಶ.
ಈಚೆಯ ಚರಂಡಿಗಳಲ್ಲಿ ಹರಿಯುವುದು ಜೀನ್ಸಿನ ನೀಲಿ.
ಟ್ಯಾಬ್ಲೆಟ್ ಎದೆಗವಚಿಕೊಂಡು
ಪ್ರತಿ ಹನ್ನೆರಡನೇ ಮನೆಯ ತಗಡಿನ ಬಾಗಿಲು ತಟ್ಟುತ್ತೇನೆ.
ಹನ್ನೊಂದು ಮನೆಗಳು ನನ್ನ ಬೆನ್ನು ನೋಡುತ್ತವೆ:
ನಮ್ಮನ್ನೇಕೆ ಕೇಳುವುದಿಲ್ಲ?
ಇದು ಲಾಟರಿಯಲ್ಲಮ್ಮ, ಲೆಕ್ಕ, ಅನ್ನುತ್ತೇನೆ.
ಎರಡಕ್ಕೂ ಏನು ವ್ಯತ್ಯಾಸವೋ, ನನಗೂ ಪೂರಾ ತಿಳಿಯದು.

ಏಳನೇ ಪ್ರಶ್ನೆ ಹೀಗಿದೆ:
ಕಳೆದ ಏಳು ದಿನಗಳಲ್ಲಿ, ಕೂಲಿಗೋ ಲಾಭಕ್ಕೋ,
ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?

ಸೊಪ್ಪು ಸೋಸುತ್ತಿದ್ದ ಮಾಪುಲಾನೆ ನಕ್ಕಳು.
‘ನಾಲ್ಕು ದಿನ ನಸುಕಿಗೇ ಎದ್ದು, ಕಂಬಳಿ ಹೊದ್ದು
ಫ್ಯಾಕ್ಟರಿ ಗೇಟಿನ ಮುಂದೆ ನಿಂತೆ. ನಿಂತದ್ದು ಕೆಲಸವೇ?’
ಅಲ್ಲ.
‘ಕಾವಲಿನವನು ಕೈ ಚಾಚಿಸಿ ನೋಡುತ್ತಾನೆ, ಬೆರಳು ನಡುಗೀತೇ ಅಂತ.
ನಡುಗದ ಹಾಗೆ ಹಿಡಿದುಕೊಂಡಿದ್ದೆ. ಅದು?’
ಅಲ್ಲ.
‘ಶುಕ್ರವಾರ ಒಳಗೆ ಕರೆದರು.
ಝಿಪ್ಪಿನ ಸಾಲಿನಲ್ಲಿ ಯಾರಿಗೋ ಹೆರಿಗೆ ನೋವು.
ಅವಳ ಕುರ್ಚಿ ಇನ್ನೂ ಬೆಚ್ಚಗಿತ್ತು.
ನಲವತ್ತು ಝಿಪ್ಪು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು,
ಮನೆಗೆ ನಡಿ ಅಂದರು.’
ಎಷ್ಟು ಹೊತ್ತು?
‘ಒಂದು ಗಂಟೆ. ಮೇಲೊಂದು ಚೂರು.’

‘ಹೌದು’ ಎಂಬಲ್ಲಿ ಬೆರಳಿಟ್ಟೆ.
ಹಸಿರು ಗುರುತು ಮೂಡಿತು.
ದೇಶದಲ್ಲೊಂದು ಉದ್ಯೋಗ ಹೆಚ್ಚಿತು.

ಅವಳ ಅತ್ತೆ ಅಷ್ಟರಲ್ಲಿ ಎರಡನೇ ಬಾರಿ ನೀರು ಹೊತ್ತು ಬಂದಳು,
ಮೊಮ್ಮಗನ ಮೂಗೊರೆಸಿದಳು, ಒಲೆಗೆ ಊದಿದಳು.
ಅವಳ ಸಾಲಿಗೆ ನಾನು ಒತ್ತಬೇಕಾದದ್ದು:
ದುಡಿಯುವ ವರ್ಗದ ಹೊರಗೆ.
‘ಹೊರಗಾ?’ ಅಂದಳು ಮುದುಕಿ,
‘ಬೆಳಗಿನಿಂದ ಒಳಗೇ ಇದ್ದೀನಲ್ಲ!’

ಖೊಟ್ಸೊ, ಬಟ್ಟೆ ಕತ್ತರಿಸುವವನು,
ಹೆಂಡತಿ ಅತ್ತ ಹೋಗಲೆಂದು ಕಾದು
ತನ್ನ ಸಂಬಳವನ್ನು ನನ್ನ ಕಿವಿಯಲ್ಲಿ ಹೇಳಿದ.
ಅವನು ಸಿಗರೇಟಿಗೆಂದು ಹೊರಟ ಮೇಲೆ ಅವಳೂ ಹೇಳಿದಳು, ಪಿಸುದನಿಯಲ್ಲೇ.
ಅವಳದು ಇನ್ನೂರು ಮಲೋಟಿ ಜಾಸ್ತಿ.
ಒಂದೇ ತಟ್ಟೆಯಲ್ಲುಣ್ಣುವ ಆ ಎರಡು ಅಂಕಿಗಳು
ಮುಖಾಮುಖಿಯಾದದ್ದು ನನ್ನ ಟ್ಯಾಬ್ಲೆಟ್ಟಿನಲ್ಲಿ ಮಾತ್ರ.

ರಾಜಧಾನಿಯಲ್ಲಿ ಡಾಕ್ಟರ್ ಮೊಶಬೇಶಾ ಇದ್ದಾರೆ.
ಕೆಟ್ಟವರಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟು
ನಮ್ಮ ತಪ್ಪು ತಿದ್ದುತ್ತಾರೆ.
‘ಎಲ್ಲ ದೇಶಕ್ಕೂ ಒಂದೇ ಗಜಕೋಲು ಬೇಕಲ್ಲ, ಕೆಕೆಲೆಟ್ಸೊ,
ಒಂದು ಗಂಟೆ ನಾನು ಮಾಡಿದ ನಿಯಮವಲ್ಲ’ ಅಂದರು.
ಆಮೇಲೆ ಪರದೆಯ ಮೇಲೆ ಎರಡು ಗೆರೆ ತೋರಿಸಿದರು.
ನೆಟ್ಟಗಿನದು ಸಮಾನತೆಯಂತೆ, ಜೋತದ್ದು ನಾವು.
ನಡುವೆ ಹೊಟ್ಟೆಯಂತೆ ಉಬ್ಬಿದ ಜಾಗ.
ಆ ಹೊಟ್ಟೆ ಬೆಳೆದಷ್ಟೂ ಊರಿನಲ್ಲಿ ಹಸಿವು.
ನಾನು ಕಣ್ಣು ಕಿರಿದು ಮಾಡಿ ಹುಡುಕಿದೆ,
ಆ ಜೋತ ಗೆರೆಯಲ್ಲಿ ನಲವತ್ತು ಝಿಪ್ಪು ಎಲ್ಲಿ ಎಂದು.

ನನಗೂ ಪೂರ್ತಿಯಾದ ನಮೂನೆಗಷ್ಟೇ ಕಾಸು.
ಅರ್ಧಕ್ಕೆ ಬಾಗಿಲು ಹಾಕಿಕೊಂಡವರ ಮನೆಗೆ
ನಡೆದ ದಾರಿ ನನ್ನ ಪಾಲಿಗೆ ಬಿಟ್ಟಿ.
ಚಳಿಗಾಲಕ್ಕೆ ಗುತ್ತಿಗೆ ಮುಗಿಯಿತು, ಟ್ಯಾಬ್ಲೆಟ್ ವಾಪಸು ಕೊಟ್ಟೆ.

ಮುಂದಿನ ಸುತ್ತಿನಲ್ಲಿ ಹನ್ನೆರಡನೇ ಮನೆ
ನನ್ನದೇ ಬಂತು.
ರೆಫಿಲ್ವೆ ಬಾಗಿಲಲ್ಲಿ ನಿಂತಳು, ನನ್ನ ಹಳೆಯ ಟ್ಯಾಬ್ಲೆಟ್ ಅವಳ ಕೈಯಲ್ಲಿ.
ಮೂಲೆಯಲ್ಲಿ ನಾನು ಬೀಳಿಸಿದ ಬಿರುಕು ಹಾಗೇ ಇತ್ತು.
ಗುರುತೇ ಇಲ್ಲದವಳಂತೆ ಹೆಸರು ಕೇಳಿದಳು, ವಯಸ್ಸು ಕೇಳಿದಳು;
ನಿಯಮ ಹಾಗಿದೆ, ನಾನೇ ಅವಳಿಗೆ ಕಲಿಸಿದ್ದು.
ಆಮೇಲೆ ಏಳನೆಯದು.

ಪಕ್ಕದ ಹುಡುಗನಿಗೆ ಕೆಲಸದ ಅರ್ಜಿ ತುಂಬಿಕೊಟ್ಟೆ, ಅಂದೆ.
ಐದು ಮಲೋಟಿ ಕೊಟ್ಟ.
‘ಎಷ್ಟು ಹೊತ್ತು?’
ಬರೆಯಲು ಇಪ್ಪತ್ತು ನಿಮಿಷ.
ಅವನು ಪೆನ್ನು ಹುಡುಕಿ ತರುವ ತನಕ
ಕಾದು ಕೂತದ್ದನ್ನೂ ಸೇರಿಸಬಹುದೇ?

ರೆಫಿಲ್ವೆಯ ಬೆರಳು ಗಾಜಿನ ಮೇಲೆ ತೂಗಾಡಿತು.
ಕೈಪಿಡಿ ತೆಗೆದು ಪುಟ ತಿರುವತೊಡಗಿದಳು.
ಹನ್ನೊಂದನೇ ಮನೆಯಾಕೆ
ಬೇಲಿಯಾಚೆ ನಿಂತು ನೋಡುತ್ತಲೇ ಇದ್ದಳು.