ಕೂತಲ್ಲೇ ಆರು ಸಾವಿರ ಹೆಜ್ಜೆ

ಎಲಿವೇಟರ್ ಕೆಟ್ಟ ದಿನ ಮೆಟ್ಟಿಲ ಮೇಲೆ ಕೂತು
ಕಲಿಸಿಕೊಟ್ಟಳು ಪಕ್ಕದ ಮನೆಯ ದಾಸೊಮ್:
ಅಜ್ಜಿ, ಇದು ನಡೆದರೆ ಕಾಸು ಕೊಡುವ ಆ್ಯಪ್,
ಇದು ರಸೀದಿಯ ಫೋಟೊ ತೆಗೆದರೆ,
ಇದಕ್ಕೆ ದಿನಾ ಬೆಳಿಗ್ಗೆ ‘ಬಂದೆ’ ಅಂತ ಒತ್ತಿದರೆ ಸಾಕು.

ಬಂದೆ ಅಂದಿದ್ದಕ್ಕೆ ಐದು ವೊನ್!
ಹಡಗುಕಟ್ಟೆಯಲ್ಲಿ ಹದಿನೆಂಟು ವರ್ಷ
ಹಲಗೆಯ ಮೇಲೆ ಜೋತಾಡುತ್ತ ತುಕ್ಕು ಕುಟ್ಟಿದವಳು ನಾನು.
ಆ ಸದ್ದು ಕಿವಿಯನ್ನೇ ತಿಂದುಕೊಂಡು ಹೋಯಿತು.
ಬಂದೆ ಅಂದರೆ ಮೇಸ್ತ್ರಿ ಕತ್ತೆತ್ತಿ ನೋಡಿದ್ದೂ ಇಲ್ಲ.

ಬೂಸಾನಿನಲ್ಲಿ ಐದು ವೊನ್ನಿಗೆ ಏನು ಬರುತ್ತದೆ?
ಏನೂ ಬರುವುದಿಲ್ಲ.
ದಾರಿಯಲ್ಲಿ ಬಿದ್ದಿದ್ದರೆ ಅದಕ್ಕೆ ನನ್ನ ಸೊಂಟ ಬಗ್ಗದು.
ತೋರುಬೆರಳು ಮಾತ್ರ ಬಗ್ಗುತ್ತದೆ.

ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ನೋಡಿದೆ,
ಬೇಡದ ಸಾಲದ್ದು ನೋಡಿದೆ, ಎರಡು ವೊನ್, ಮೂರು ವೊನ್.
ರಸೀದಿ ಬೇಕೆಂದು ದೊಡ್ಡ ಅಂಗಡಿಗೆ ಹೋಗಿ
ಏಳುನೂರು ಹೆಚ್ಚು ತೆತ್ತು ತೋಫು ತಂದೆ,
ಐವತ್ತು ವಾಪಸ್ ಬಂತು.
ಲೆಕ್ಕ ಬರುತ್ತದೆ ನನಗೆ, ಒಂದು ವಾರ ತಡವಾಗಿ.
ಸಂತೆಯ ಮೀನಿನವಳು ರಸೀದಿ ಕೊಡುವವಳಲ್ಲ,
ತೂಗಿದ ಮೇಲೆ ಒಂದು ಬಂಗುಡೆ ಎತ್ತಿ ಹಾಕುತ್ತಾಳೆ.
ಕೊಸರಿನ ಫೋಟೊ ತೆಗೆಯುವುದು ಹೇಗೆ?

ಈಗ ಬೊಂಗ್ಹಾಕನ ವಿಷಯ.

ನನ್ನ ಗಂಡ. ಮೂವತ್ತೊಂದು ವರ್ಷ ಅಂಚೆ ಹಂಚಿದವನು,
ಈ ದ್ವೀಪದ ಗುಡ್ಡವನ್ನೆಲ್ಲ ಹೆಗಲಚೀಲದಲ್ಲಿ ಹತ್ತಿಸಿ ಇಳಿಸಿದವನು.
ಆಗ ಹೆಜ್ಜೆ ಎಣಿಸುವವರು ಯಾರೂ ಇರಲಿಲ್ಲ,
ಚಪ್ಪಲಿ ಹೊಲಿಯುವವನೊಬ್ಬನನ್ನು ಬಿಟ್ಟು.
ಈಗ ಕಿಟಕಿಯ ಪಕ್ಕದ ಕುರ್ಚಿ. ಬಲಗೈ ನಡುಗುತ್ತದೆ,
ಹಗಲಿಡೀ, ಯಾರನ್ನೋ ಬೇಡ ಬೇಡ ಅಂದಂತೆ.

ಅಕ್ಕಿ ತೊಳೆಯಲು ಹೋಗುತ್ತಾ ಒಂದು ದಿನ
ಫೋನನ್ನು ಅವನ ಕೈಗಿಟ್ಟೆ, ಹಿಡಿದುಕೋ ಅಂತ.
ಬಂದು ನೋಡಿದರೆ ನಾನೂರ ಹನ್ನೆರಡು ಹೆಜ್ಜೆ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ಇಲ್ಲೊಬ್ಬ ಕೂತೇ ಗಳಿಸುತ್ತಿದ್ದಾನೆ!
ನಕ್ಕೆ. ಆಮೇಲೆ ಒಳಗೆ ಹೋಗಿ
ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದೆ.

ಮಾರನೇ ದಿನವೂ ಕೊಟ್ಟೆ. ಸುಳ್ಳೇಕೆ ಹೇಳಲಿ, ದಿನಾ ಕೊಟ್ಟೆ.
ಆರು ಸಾವಿರ ದಾಟಿದ ಸಂಜೆ
ತಮಾಷೆಗೆ ಕೇಳಿದೆ, ಎಲ್ಲೆಲ್ಲಿ ಹೋಗಿದ್ದೆ ಇವತ್ತು?
ಬಹಳ ಹೊತ್ತು ಸುಮ್ಮನಿದ್ದ.
ಕಿವಿಯನ್ನು ಅವನ ಬಾಯಿಗೆ ತಂದೆ.
‘ಕೆಳಗಿನ ಓಣಿ,’ ಅಂದ, ‘ನೀಲಿ ಗೇಟು. ನಾಯಿ ಕಟ್ಟಿರಲಿಲ್ಲ.
ರಿಜಿಸ್ಟರ್ಡ್ ಪತ್ರ. ಸಹಿ ಹಾಕಲು ಆಕೆ ಮನೆಯಲ್ಲಿರಲಿಲ್ಲ,
ನಾಳೆ ಮತ್ತೆ ಹೋಗಬೇಕು.’

ಕೂಡಿಟ್ಟ ಪಾಯಿಂಟಿಗೆ ಒಂದು ಕಾಫಿಯ ಕೂಪನ್ ಬಂತು.
ನಾವಿಬ್ಬರೂ ಕಾಫಿ ಕುಡಿಯುವವರಲ್ಲ.
ದಾಸೊಮ್ ಕುಡಿದಳು, ಕೆನೆ ಹಾಕಿಸಿಕೊಂಡು,
ಲೋಟವನ್ನು ತಂದು ಅವನಿಗೆ ತೋರಿಸಿದಳು.

ನಿನ್ನೆ ಪರದೆಯ ಮೇಲೆ ಕೆಂಪು ಚೌಕ:
ಚಲನೆ ಅಸಹಜವಾಗಿದೆ.
ನೀವು ನಿಜವಾಗಿ ನಡೆಯುತ್ತಿದ್ದೀರಾ?
ಕೆಳಗೆ ಎರಡು ಗುಂಡಿ, ಹೌದು, ಇಲ್ಲ.

ನಾನು ಒತ್ತಬಹುದಿತ್ತು.
ಆದರೆ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ.
ಕನ್ನಡಕ ಒರೆಸಿ ಅವನ ಮೂಗಿಗೇರಿಸಿದೆ,
ಫೋನನ್ನು ಮಂಡಿಯ ಮೇಲಿಟ್ಟೆ.
ಓದಿದ, ವಿಳಾಸ ಓದುವ ಹಾಗೆ, ತುಟಿ ಅಲ್ಲಾಡಿಸಿ.
ಬೆರಳು ಎತ್ತಿದ.
ಹೌದಿನಿಂದ ಇಲ್ಲಕ್ಕೆ, ಇಲ್ಲದಿಂದ ಹೌದಿಗೆ,
ಗಾಜು ಮುಟ್ಟದೆ ಅದು ನಡೆಯಿತು, ನಡೆಯಿತು.

ಆ ಹೆಜ್ಜೆಗಳು ಆ್ಯಪಿನ ಲೆಕ್ಕಕ್ಕೆ ಬರಲಿಲ್ಲ.
ನಾನು ಒಂಬತ್ತರವರೆಗೆ ಎಣಿಸಿದೆ,
ಅಷ್ಟರಲ್ಲಿ ಕುಕ್ಕರು ಹಬೆ ಬಿಟ್ಟಿತು.