ಲೆಕ್ಕಕ್ಕೆ ಸಿಗದ ಗಾಳಿ

ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ.
ಮಣಿಪಾಲದ ಏರು ಹತ್ತುತ್ತದೆ, ದಮ್ಮು ಕಟ್ಟದೆ.
ತೊಂದರೆ ಇರುವುದು ಪಡುಕೆರೆಯ ಸಪಾಟು ರಸ್ತೆಯಲ್ಲಿ,
ಐವತ್ತರಲ್ಲಿ,
ಕೈ ಅಲುಗದೆ ಎಕ್ಸಿಲೇಟರ್ ಹಿಡಿದಿರುವಾಗ.
ಒಮ್ಮೆ ಮುಗ್ಗರಿಸುತ್ತದೆ,
ಒಮ್ಮೆ ಯಾರೋ ಹಿಂದಿನಿಂದ ದೂಡಿದ ಹಾಗೆ ಮುಂದೆ ಹಾರುತ್ತದೆ,
ಪುನಃ ಮುಗ್ಗರಿಸುತ್ತದೆ.
ಹಿಂದೆ ಕೂತ ಜಲಜ ಹೇಳಿದಳು,
"ಇದಕ್ಕೆ ಬಿಕ್ಕಳಿಕೆ ಮಾರಾಯ್ರೆ, ನೀರು ಕುಡಿಸಿ."

ಮೂರು ಗ್ಯಾರೇಜು ಆಯಿತು.
ಒಬ್ಬ ಪ್ಲಗ್ ಬದಲಿಸಿದ.
ಒಬ್ಬ ಪೆಟ್ರೋಲಿಗೆ ನೀರು ಸೇರಿದೆ ಎಂದು ಟ್ಯಾಂಕಿ ಕವುಚಿ ಹಾಕಿದ.
ಮೂರನೆಯವ ಕೇಳಿದ್ದು, "ಕೊಡ್ತೀರಾ? ಭಾವನಿಗೊಂದು ಬೇಕಿತ್ತು."

ನಾಲ್ಕನೆಯದು ಇದಿನಬ್ಬನದು,
ಹೂಡೆಯಲ್ಲಿ, ಗಾಳಿಮರದ ಕೆಳಗೆ.
ಸ್ಪ್ಯಾನರ್ ಮುಟ್ಟಲಿಲ್ಲ, ಮೊದಲು ಕೇಳಿದ:
"ಎಳೆಯುವಾಗ?"
ಸರಿ ಉಂಟು.
"ಬಿಡುವಾಗ?"
ಸಣ್ಣಗೆ ಪಟಪಟ.
"ಹಿಡಿದಲ್ಲೇ ಹಿಡಿದರೆ?"
ಅದೇ. ಅದೇ ನೋಡಿ.

ಹಿಂದೆ ಕೂತು ಬಂದ, ಕೆಮ್ಮಣ್ಣಿನವರೆಗೆ.
ಬಿಕ್ಕಳಿಕೆ ಶುರುವಾದಾಗ ಬೆನ್ನು ತಟ್ಟಿ ಹೇಳಿದ,
"ಚೋಕ್ ಅರ್ಧ ಎಳೀರಿ."
ಎಳೆದೆ.
ಮೊಲೆ ಸಿಕ್ಕ ಮಗುವಿನ ಹಾಗೆ ಸುಮ್ಮನಾಯಿತು.
"ಹಸಿವೆ," ಎಂದ.
"ಪೆಟ್ರೋಲ್ ಬರುವಷ್ಟು ಬರ್ತದೆ. ಗಾಳಿ ಹೆಚ್ಚಾಗಿದೆ.
ಎಲ್ಲಿಂದ ಅಂತ ನೋಡ್ಬೇಕು."

ಮೂರು ವಾರದ ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಬಿಳಿ.
ಕಾಪಿಪುಡಿ ಬಣ್ಣ ಬರಬೇಕಿತ್ತಂತೆ.
ಜೆಟ್ ತೆಗೆದು ಕಣ್ಣಿಗೆ ಹಿಡಿದ:
"ಆಕಾಶ ಕಾಣ್ತದೆ. ಇದಲ್ಲ."
ಟ್ಯಾಂಕಿಯ ಮುಚ್ಚಳ ತೆರೆದು ಕಿವಿ ಕೊಟ್ಟ,
ಉಸ್ ಎನ್ನಲಿಲ್ಲ.
"ಇದೂ ಅಲ್ಲ."

ಆಮೇಲೆ, ಎಂಜಿನ್ ಓಡುತ್ತಿದ್ದ ಹಾಗೆಯೇ,
ಕಣ್ಣಿನ ಮದ್ದಿನ ಹಳೆ ಬಾಟ್ಲಿಯಿಂದ ಪೆಟ್ರೋಲು,
ಒಂದೊಂದು ಜಾಯಿಂಟಿಗೆ ಒಂದೊಂದು ಹನಿ.
ಕಾರ್ಬ್ಯುರೇಟರಿನ ಹಿಂದೆ, ರಬ್ಬರಿನ ಕೆಳಮೈಗೆ ಬಿದ್ದದ್ದೇ
ಯಾರೂ ಮುಟ್ಟದೆ ಎಂಜಿನ್ ಏರಿತು.
ಬಿಚ್ಚಿ ಬಗ್ಗಿಸಿ ತೋರಿಸಿದ.
ಬಗ್ಗಿಸದೆ ಕಾಣದ ಗೀರು,
ಹಿಮ್ಮಡಿಯ ಒಡಕಿನ ಹಾಗೆ.
"ಉಪ್ಪು ಗಾಳಿ, ಬಿಸಿ, ಹತ್ತು ವರ್ಷ.
ಎಳೆಯುವ ಗಡಿಬಿಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ.
ಒಂದೇ ಸಮ ಹೋಗುವಾಗ ಸಣ್ಣದೂ ಲೆಕ್ಕಕ್ಕೆ ಬರ್ತದೆ."

ರಬ್ಬರಿಗೆ ನೂರ ಎಂಬತ್ತು. ಕೂಲಿ ಕೊಟ್ಟಷ್ಟು.

ನಾನು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವ.
ಎಷ್ಟು ಅಚ್ಚು ಕಟ್ಟಿತು, ಎಷ್ಟು ಬೋಟಿಗೆ ಹೋಯಿತು;
ಉಳಿದ ಕಾಲಮ್ಮಿಗೆ ಹೆಸರು 'ಕರಗಿದ್ದು'.
ಸೀಸನ್ನಿನಲ್ಲಿ ಬೋಟುಗಳು ಸಾಲುಗಟ್ಟಿ ತುಂಬುವಾಗ
ಹನ್ನೊಂದು ಅಚ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.
ಬಿದ್ದದ್ದು ಹೋದ ವರ್ಷ, ಜೂನ್ ಬಂದಿಯಲ್ಲಿ,
ಬಂದರಿನಲ್ಲಿ ಬೋಟು ಬೋಟಿಗೆ ಒರಗಿ ನಿದ್ದೆ ಮಾಡುವ
ಒಂದೇ ಸಮನಾದ ದಿನಗಳಲ್ಲಿ.
ದಿನಾ ಹನ್ನೊಂದು. ದಿನಾ ಹನ್ನೊಂದು.
ಅದರ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದೆ,
ದೂಮಣ್ಣ?
ಆ ಪ್ರಶ್ನೆಯ ಕೊಕ್ಕೆಯನ್ನು ಮ್ಯಾನೇಜರ್ ಓದಲಿಲ್ಲ.

ಇವತ್ತು ರಾತ್ರಿ, ವಾಚ್‌ಮನ್ ಊಟಕ್ಕೆ ಹೋದ ಮೇಲೆ,
ಮಾಲಿಕರ ದೇವರ ಫೋಟೋದ ಎದುರಿನಿಂದ ಒಂದು ಊದುಬತ್ತಿ ತೆಗೆದೆ.
ಐಸ್ ಕೋಣೆಯ ಬಾಗಿಲ ಸುತ್ತ ನಿಧಾನ ಹಿಡಿದುಕೊಂಡು ಬಂದೆ.
ಕೆಳಗಿನ ಎಡಮೂಲೆಯಲ್ಲಿ
ಹೊಗೆ ನನ್ನ ಕಡೆಗೆ ಮಲಗಿತು.
ಮೊಣಕಾಲೂರಿ
ಅಲ್ಲಿಯ ರಬ್ಬರನ್ನು ಬಗ್ಗಿಸಿದೆ.

ಸಂಕ ದಾಟಿ ಪಡುಕೆರೆ. ಐವತ್ತರಲ್ಲಿ, ಕೈ ಅಲುಗದೆ.
ದೂಮಣ್ಣನ ಜಗಲಿಯಲ್ಲಿ ಲೈಟು ಉರಿಯುತ್ತಿತ್ತು.
ಯಾರದೋ ಬಲೆ ಮಡಿಲಲ್ಲಿ, ಹಲ್ಲಿನಲ್ಲಿ ನೂಲು.
ಗೇಟಿನ ಹೊರಗೆ ನಿಂತೆ, ಬಂದ್ ಮಾಡಲಿಲ್ಲ.
ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ,
ನೂಲು ತೆಗೆದು ಹೇಳಿದ,
"ಹೋ, ನೀವಾ!
ಬಿಕ್ಕಳಿಕೆ ಕೇಳಲಿಲ್ಲ.
ಬೇರೆ ಯಾರೋ ಎಣಿಸಿದೆ."